ಬೀಳುವ ಹಲ್ಲಿನ ನೆಪ

ಮಕ್ಕಳ ಹಾಲುಹಲ್ಲು ಹುಳುಕಾದರೆ ಅದಕ್ಕಾಗಿ ಆಸ್ಪತ್ರೆಗೆ ಅಲೆಯುವುದು ವ್ಯರ್ಥ, ಅದು ಹೇಗಿದ್ದರೂ ಬಿದ್ದು ಆ ಜಾಗದಲ್ಲಿ ಹೊಸ ಹಲ್ಲು ಬರುತ್ತದೆ ಎಂಬ ಮಾತು ಕರ್ನಾಟಕದ ಮನೆಮನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಒಂದು ಅಭಿಪ್ರಾಯವೆಂದು ಯಾರೂ ಎಣಿಸುವುದೇ ಇಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂಬಷ್ಟು ಸಿದ್ಧವಾದ ಸಂಗತಿಯೆಂದೇ ಅದು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ನೆರೆಮನೆಗೆ ಸಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂಥ ಹೋಬಳಿ ಕೇಂದ್ರದಲ್ಲಿ, ದಶಕಗಳಿಂದ ಕೊಳವೆಬಾವಿಯನ್ನೇ ನೆಚ್ಚಿಕೊಂಡ ಬಯಲುಸೀಮೆಯ ಊರುಗಳಲ್ಲಿ, ಇದರ ಜೊತೆಗೆ ಎರಡನೆಯ ಮಾತೊಂದು ಸೇರಿಕೊಳ್ಳುತ್ತದೆ: ಈ ಕಡೆಯ ನೀರೇ ಅಂಥದ್ದು, ಹಲ್ಲು ಕೆಡದೆ ಇನ್ನೇನಾದೀತು. ಮೊದಲನೆಯ ಮಾತು ಹೊಣೆಯನ್ನು ಕಾಲದ ಮೇಲೆ ಹೊರಿಸಿದರೆ ಎರಡನೆಯದು ಅದನ್ನು ಭೂಮಿಯ ಮೇಲೆ ಹೊರಿಸುತ್ತದೆ. ಇವೆರಡರ ನಡುವೆ ಮಗುವಿನ ಬಾಯಲ್ಲಿ ಆಗುತ್ತಿರುವುದಕ್ಕೆ ವಾರಸುದಾರರೇ ಇಲ್ಲದಂತಾಗುತ್ತದೆ. ಮೊದಲನೆಯದು ಶರೀರದ ನಿಯಮಕ್ಕೆ ವಿರುದ್ಧವಾದದ್ದು, ಎರಡನೆಯದು ಎರಡು ಬೇರೆ ರೋಗಗಳನ್ನು ಒಂದೇ ಎಂದು ಬಗೆದದ್ದು. ಹಳ್ಳಿಯ ಜನರ ತಿಳಿವಳಿಕೆಯ ಕೊರತೆ ಎಂದು ಇದನ್ನು ತಳ್ಳಿಹಾಕುವುದೂ ಸರಿಯಾಗದು, ಏಕೆಂದರೆ ಬಾಯಿಬಿಟ್ಟು ಹೇಳದಿದ್ದರೂ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ನಡೆಯುತ್ತಿರುವುದು ಈ ಎರಡು ಮಾತುಗಳ ಆಧಾರದ ಮೇಲೆಯೇ.

ಪೂರ್ವಪಕ್ಷದಲ್ಲಿ ನಿಜದ ಅಂಶ ಇದೆಯೆಂಬುದನ್ನು ಮೊದಲು ಒಪ್ಪಬೇಕು. ಮಗುವಿಗೆ ಆರು ತಿಂಗಳ ಸುಮಾರಿಗೆ ಮೊಳೆಯಲಾರಂಭಿಸಿ ಎರಡೂವರೆ ವರ್ಷದ ಹೊತ್ತಿಗೆ ಪೂರ್ಣವಾಗುವ ಇಪ್ಪತ್ತು ಹಾಲುಹಲ್ಲುಗಳು ಆರರಿಂದ ಹನ್ನೆರಡನೆಯ ವಯಸ್ಸಿನ ಒಳಗೆ ಬೀಳುತ್ತವೆ. ಬಿದ್ದ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ವಾಡಿಕೆಯಲ್ಲಿ ಈ ಬೀಳುವಿಕೆಗೊಂದು ಸಂಭ್ರಮವೂ ಇದೆ. ಆದರೆ ಹಾಲುಹಲ್ಲು ಬೀಳುತ್ತದೆ ಎನ್ನುವವರ ಮನಸ್ಸಿನಲ್ಲಿರುವ ಚಿತ್ರ ಆರೇಳು ವರ್ಷಕ್ಕೆ ಅಲ್ಲಾಡುವ ಮುಂದಿನ ಬಾಚಿಹಲ್ಲುಗಳದ್ದು. ಹಿಂದಿನ ದವಡೆ ಹಲ್ಲುಗಳ ಲೆಕ್ಕ ಬೇರೆ. ಎರಡರಿಂದ ಎರಡೂವರೆ ವರ್ಷಕ್ಕೆ ಬರುವ ಕೊನೆಯ ಹಾಲುದವಡೆ ಹತ್ತರಿಂದ ಹನ್ನೆರಡು ವರ್ಷದವರೆಗೆ, ಅಂದರೆ ಅಂಗನವಾಡಿಯಿಂದ ಹಿಡಿದು ಹಿರಿಯ ಪ್ರಾಥಮಿಕ ಶಾಲೆಯವರೆಗೆ, ಮಗುವಿಗೆ ಅನ್ನ ಅರೆದುಕೊಡುವ ಬೀಸುಕಲ್ಲು. ಐದನೆಯ ವಯಸ್ಸಿನಲ್ಲಿ ಅದು ಹುಳುಕಾದರೆ ತಾನಾಗಿ ಬೀಳಲು ಇನ್ನೂ ಐದಾರು ವರ್ಷ ಬೇಕು. ಐದು ವರ್ಷದ ನಂತರ ಹೊಸ ಮನೆ ಕಟ್ಟಿಸುವವನು ಕೂಡ ಅಲ್ಲಿಯವರೆಗೆ ಸೋರುವ ಸೂರಿನಡಿ ಮಲಗಲು ಒಪ್ಪುವುದಿಲ್ಲ.

ಹುಳುಕು ಎಂಬ ಪದವೇ ಮೊದಲ ಭ್ರಮೆಯನ್ನು ಹೊತ್ತು ತಂದಿದೆ. ಹಲ್ಲನ್ನು ಒಳಗಿನಿಂದ ಹುಳ ಕೊರೆಯುತ್ತದೆ ಎಂಬ ನಂಬಿಕೆ ಕನ್ನಡನಾಡಿನದು ಮಾತ್ರವಲ್ಲ, ಲೋಕದ ಬಹುತೇಕ ಪುರಾತನ ಸಮಾಜಗಳದ್ದು. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ದಂತವೈದ್ಯ ಗ್ರಂಥದಲ್ಲಿ ಅದನ್ನು ತಳ್ಳಿಹಾಕಿದ ಮೇಲೂ, ಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ಉದುರಿಸುತ್ತೇವೆನ್ನುವವರು ನಮ್ಮ ಸಂತೆಗಳಿಂದ ಪೂರ್ತಿ ಮರೆಯಾಗಿಲ್ಲ. ವಾಸ್ತವದಲ್ಲಿ ನಡೆಯುವುದು ಏನೆಂಬುದನ್ನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿಯೇ ವಿವರಿಸಿದ್ದ: ಹಲ್ಲಿನ ಮೇಲೆ ಅಂಟಿಕೊಂಡ ಜಿಗುಟು ಪದರದಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಹುಳಿಯಾಗಿ ಪರಿವರ್ತಿಸುತ್ತವೆ, ಆ ಹುಳಿ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಸುಣ್ಣದಂಶವನ್ನು ಕರಗಿಸುತ್ತದೆ. ಹುಳಿಯ ಅಳತೆಗೋಲಾದ ಪಿಎಚ್ ಪ್ರಮಾಣ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಕರಗುವಿಕೆ ಆರಂಭವಾಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ, ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ ಎಂಬುದನ್ನು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದ. ಈ ನಡುವೆ ಜೊಲ್ಲು ಕರಗಿದ ಸುಣ್ಣವನ್ನು ಅಷ್ಟಿಷ್ಟು ತುಂಬಿಕೊಡುತ್ತದೆ. ಆದುದರಿಂದ ಹಲ್ಲಿನ ಭವಿಷ್ಯ ತಿಂದ ಸಿಹಿಯ ತೂಕಕ್ಕಿಂತ ಹೆಚ್ಚಾಗಿ ಎಷ್ಟು ಸಲ ತಿಂದದ್ದು ಎಂಬುದನ್ನು ಅವಲಂಬಿಸಿದೆ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ಮಧ್ಯದಿಂದ ನಡೆದ ಪ್ರಯೋಗ, ಅಲ್ಲಿದ್ದ ಬುದ್ಧಿಮಾಂದ್ಯರನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿಕೊಂಡ ನಾಚಿಕೆಗೇಡಿನ ಪ್ರಯೋಗವಾದರೂ, ಊಟದ ನಡುನಡುವೆ ತಿನ್ನುವ ಅಂಟು ಮಿಠಾಯಿಯೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿತು.

ಇದನ್ನು ಅರಿತು ನೋಡಿದರೆ, ಬೆಳಗ್ಗೆ ಟೀಗೆ ಅದ್ದಿದ ಬಿಸ್ಕತ್ತು, ಅಂಗಡಿಯಲ್ಲಿ ಚಿಲ್ಲರೆಯ ಬದಲು ಕೈಗಿಡುವ ಚಾಕೊಲೇಟು, ಐದು ರೂಪಾಯಿಯ ಪೊಟ್ಟಣದ ತಿಂಡಿ, ಸಂಜೆ ಮತ್ತೆ ಟೀ ಮತ್ತು ಬನ್ನು ಎಂಬ ದಿನಚರಿಯಲ್ಲಿ ಮಗುವಿನ ಹಲ್ಲು ಹುಳಿಯಿಂದ ಹೊರಬಂದಿರುವ ಹೊತ್ತು ಎಷ್ಟು ಕಡಿಮೆ ಎಂಬುದು ಅರ್ಥವಾಗುತ್ತದೆ. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಬೆಲ್ಲದ ಬಹುಪಾಲು ಅದೇ ಸುಕ್ರೋಸ್, ಮತ್ತು ಹಲ್ಲಿನ ಮೇಲಿನ ಸೂಕ್ಷ್ಮಾಣುವಿಗೆ ಆಲೆಮನೆಗೂ ಸಕ್ಕರೆ ಕಾರ್ಖಾನೆಗೂ ವ್ಯತ್ಯಾಸ ಗೊತ್ತಿಲ್ಲ. ಸರ್ಕಾರವೇ ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ ಚಿಕ್ಕಿಯನ್ನು, ಅಂದರೆ ಹಲ್ಲಿಗಂಟುವ ಬೆಲ್ಲದ ಪಾಕವನ್ನು, ಪೌಷ್ಟಿಕ ಆಹಾರವೆಂದು ಕೊಡುತ್ತಿದ್ದು 2025ರಲ್ಲಿ ಅದನ್ನು ಕೈಬಿಟ್ಟಿತು.

ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ತೆಳು, ಒಳಗಿನ ದಂತಮಜ್ಜೆ, ಅಂದರೆ ನರ ಮತ್ತು ರಕ್ತನಾಳಗಳಿರುವ ಮೃದುಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು; ಹೀಗಾಗಿ ತೂತು ಕಂಡ ಕೆಲವೇ ತಿಂಗಳುಗಳಲ್ಲಿ ಸೋಂಕು ಬೇರಿಗಿಳಿದು ಒಸಡಿನಲ್ಲಿ ಕೀವಿನ ಗುಳ್ಳೆ ಏಳುವುದು ಅಪರೂಪವಲ್ಲ. ಆ ಬೇರಿನ ಕೆಳಗೆ, ಮೂಳೆಯೊಳಗೆ, ಮುಂದೆ ಬರಬೇಕಾದ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಮೇಲಿನ ಕೀವು ಅದರ ಎನಾಮೆಲ್ ಕಟ್ಟುವ ಕೆಲಸವನ್ನು ಕೆಡಿಸಿದರೆ, ಅದು ಬರುವಾಗಲೇ ಗುಳಿಬಿದ್ದು ಕಂದಾಗಿ ಬರುತ್ತದೆ. ದಂತವೈದ್ಯರು ಇದನ್ನು ಟರ್ನರ್ ಹಲ್ಲು ಎನ್ನುತ್ತಾರೆ. ಅಕಾಲದಲ್ಲಿ ಕಿತ್ತ ಹಾಲುದವಡೆಯ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲಿ, ಹೊಸದಕ್ಕೆ ಎಡೆಯಿಲ್ಲದೆ ಅದು ಅಡ್ಡಾದಿಡ್ಡಿ ಹುಟ್ಟುವುದೂ ಇದರದೇ ಮುಂದುವರಿಕೆ. ಕಳೆ ಹತ್ತಿದ ಒಟ್ಲುಪಾತಿಯಿಂದ ಒಳ್ಳೆಯ ಪೈರು ನಿರೀಕ್ಷಿಸುವ ರೈತ ಹೊಸದುರ್ಗ ಸೀಮೆಯಲ್ಲಿ ಸಿಗಲಾರ. ಬಾಯಿಯ ವಿಷಯದಲ್ಲಿ ಮಾತ್ರ ಆ ನಿರೀಕ್ಷೆ ವಿವೇಕವೆನಿಸಿಕೊಂಡಿದೆ.

ಇಷ್ಟಾದರೂ ಮಗುವಿನ ನೋವು ಮನೆಯವರಿಗೆ ಕಾಣದಿರುವುದಕ್ಕೆ ಈ ಸೀಮೆಯ ಊಟವೂ ಒಂದು ಕಾರಣವಿರಬಹುದು. ಮುದ್ದೆ ಅಗಿಯುವ ಆಹಾರವಲ್ಲ, ನುಂಗುವ ಆಹಾರ. ಸಾರಿನಲ್ಲಿ ಅದ್ದಿದ ತುತ್ತು ದವಡೆಯನ್ನು ಕೇಳದೆಯೇ ಗಂಟಲಿಗಿಳಿಯುತ್ತದೆ. ಹೀಗಾಗಿ ಎರಡೂ ಕಡೆಯ ದವಡೆ ಹಲ್ಲು ಟೊಳ್ಳಾದ ಮಗು ಕೂಡ ತಟ್ಟೆ ಖಾಲಿ ಮಾಡಿ ಏಳಬಲ್ಲದು, ಮತ್ತು ಚೆನ್ನಾಗಿ ಉಣ್ಣುತ್ತಿದೆ ಎಂಬ ಭರವಸೆಯನ್ನು ಹೆತ್ತವರಿಗೆ ಕೊಡಬಲ್ಲದು. ಕೊಬ್ಬರಿ ಚೂರು, ಹುರಿದ ಶೇಂಗಾ, ಸೌತೆಕಾಯಿ ಇವುಗಳನ್ನು ಮಗು ಒಲ್ಲೆನೆಂದರೆ ಅದು ಹಟವೆನಿಸಿಕೊಳ್ಳುತ್ತದೆಯೇ ಹೊರತು ಹಲ್ಲಿನ ದೂರೆಂದು ಯಾರಿಗೂ ಹೊಳೆಯುವುದಿಲ್ಲ.

ಹಾಲುಹಲ್ಲಿನ ವಾದದ ಅತ್ಯಂತ ದುಬಾರಿ ತಪ್ಪು ಇನ್ನೊಂದೆಡೆ ಇದೆ, ಮತ್ತು ಅದು ಹಾಲುಹಲ್ಲಿಗೆ ಸಂಬಂಧಿಸಿದ್ದೇ ಅಲ್ಲ. ಮಗು ಒಂದನೆಯ ತರಗತಿಗೆ ಸೇರುವ ವಯಸ್ಸಿನಲ್ಲಿ, ಸುಮಾರು ಆರು ವರ್ಷಕ್ಕೆ, ಹಾಲುದವಡೆಗಳ ಹಿಂದೆ, ಮೇಲೆರಡು ಕೆಳಗೆರಡು, ನಾಲ್ಕು ಹೊಸ ದವಡೆ ಹಲ್ಲುಗಳು ಹುಟ್ಟುತ್ತವೆ. ಇವು ಶಾಶ್ವತ ಹಲ್ಲುಗಳು. ಇಡೀ ಬಾಯಿಯ ಕಚ್ಚುವಿಕೆ ಇವುಗಳ ಮೇಲೆ ನಿಲ್ಲುತ್ತದೆ. ಇವು ಹೋದರೆ ಮತ್ತೆ ಬರುವುದಿಲ್ಲ. ಆದರೆ ಇವುಗಳಿಗೆ ಜಾಗ ಬಿಟ್ಟುಕೊಡಲು ಯಾವ ಹಲ್ಲೂ ಬೀಳುವುದಿಲ್ಲ, ಖಾಲಿ ಜಾಗದಲ್ಲಿ ಸದ್ದಿಲ್ಲದೆ ಮೇಲೆದ್ದು ಬರುತ್ತವೆ. ಬಿದ್ದ ಜಾಗದಲ್ಲಿ ಬಂದದ್ದು ಮಾತ್ರ ಗಟ್ಟಿ ಹಲ್ಲು ಎಂದು ನಂಬಿದ ಮನೆಯಲ್ಲಿ ಇವು ಕೂಡ ಹಾಲುಹಲ್ಲುಗಳ ಲೆಕ್ಕಕ್ಕೇ ಸೇರಿಹೋಗುತ್ತವೆ. ಇವುಗಳ ಮೇಲ್ಮೈಯಲ್ಲಿ ಆಳವಾದ ಗೆರೆಗಳಿದ್ದು ಆಹಾರ ಸುಲಭವಾಗಿ ಕೂರುತ್ತದೆ, ಪುಟ್ಟ ಕೈಯ ಬ್ರಷ್ಷು ಅಷ್ಟು ಹಿಂದಕ್ಕೆ ತಲುಪುವುದಿಲ್ಲ, ಪಕ್ಕದಲ್ಲೇ ಹುಳುಕಾದ ಹಾಲುದವಡೆ ಸೂಕ್ಷ್ಮಾಣುಗಳ ಬೀಡಾಗಿ ನಿಂತಿರುತ್ತದೆ. ಎಂಟೊಂಬತ್ತು ವರ್ಷಕ್ಕೆ ತೂತು ಕಂಡಾಗ, ಬೀಳುವ ಹಲ್ಲು ತಾನೇ ಎಂಬ ಅದೇ ಹಳೆಯ ಉತ್ತರ ಸಿದ್ಧವಿರುತ್ತದೆ. ಹೀಗೆ ಬೀಳುವ ಹಲ್ಲಿನ ಕುರಿತಾದ ಉದಾಸೀನದಿಂದ ಸಾಯುವುದು ಎಂದೂ ಬೀಳಬಾರದ ಹಲ್ಲು.

ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐದು ವರ್ಷದ ಮಕ್ಕಳಲ್ಲಿ ಶೇ. 51.9, ಹನ್ನೆರಡು ವರ್ಷದವರಲ್ಲಿ ಶೇ. 53.8, ಹದಿನೈದು ವರ್ಷದವರಲ್ಲಿ ಶೇ. 63.1 ಮಂದಿಗೆ ಹಲ್ಲು ಹುಳುಕು ಕಂಡುಬಂದಿತ್ತು. ಅಂಕಿಗಳು ಹಳೆಯವಾದರೂ ಅವುಗಳ ಕ್ರಮ ಹೇಳುವ ಮಾತು ಹಳತಾಗಿಲ್ಲ. ಕೆಟ್ಟದ್ದು ಬಿದ್ದು ಒಳ್ಳೆಯದು ಬರುತ್ತದೆ ಎಂಬುದು ನಿಜವಾಗಿದ್ದರೆ, ಬಾಯಿಯ ಬಹುಪಾಲು ಹೊಸ ಹಲ್ಲುಗಳಿಂದ ತುಂಬಿರುವ ಹನ್ನೆರಡನೆಯ ವಯಸ್ಸಿನಲ್ಲಿ ಈ ಪ್ರಮಾಣ ಪಾತಾಳಕ್ಕಿಳಿಯಬೇಕಿತ್ತು. ಇಳಿಯುವ ಬದಲು ತುಸು ಏರಿದೆ. ಹಲ್ಲು ಬದಲಾಯಿತು, ಬಾಯಿ ಬದಲಾಗಲಿಲ್ಲ ಎಂಬುದೇ ಇದರ ಅರ್ಥ. ಅದೇ ಆಹಾರ, ಅದೇ ಅಭ್ಯಾಸ, ಅದೇ ಸೂಕ್ಷ್ಮಾಣುಗಳ ನಡುವೆ ಹೊಸ ಹಲ್ಲು ಬಂದು ಹಳೆಯ ಕಾಯಿಲೆಯನ್ನು ಬಳುವಳಿಯಾಗಿ ಪಡೆಯಿತು. ಜಗತ್ತಿನಲ್ಲಿ 51.4 ಕೋಟಿ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜಿಸಿದೆ.

ಇನ್ನು ನೀರಿನ ವಾದ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿರ್ವಿವಾದ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಅದು ನೀರಿಗೆ ಕರಗುತ್ತದೆ, ಮಳೆ ಕಡಿಮೆಯಾಗಿ ಕೊಳವೆಬಾವಿ ಆಳಕ್ಕಿಳಿದಷ್ಟೂ ಬಂಡೆಯೊಂದಿಗೆ ಬಹುಕಾಲ ಕೂಡಿದ್ದ ನೀರು ಮೇಲೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ, ಬೇರೆ ಮೂಲ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹ್ಯ. ಇದನ್ನು ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದರೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಬಹುಕಾಲ ಕುಡಿದರೆ ಮೂಳೆ ಮತ್ತು ಕೀಲುಗಳೂ ಬಾಧೆಗೊಳ್ಳುತ್ತವೆ. ಭಾರತದಲ್ಲಿ ಈ ಫ್ಲೋರೋಸಿಸ್ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು. ಅದರ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರದ ಕಾರ್ಯಕ್ರಮ 2008–09ರಲ್ಲಿ ಶುರುವಾಯಿತು. ಇಷ್ಟೆಲ್ಲವೂ ನಿಜ. ಆದರೆ ಫ್ಲೋರೋಸಿಸ್ ಎಂಬುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಆಗುವ ದೋಷ, ಹುಳುಕು ಎಂಬುದು ಹಲ್ಲು ಹೊರಬಂದ ಮೇಲೆ ಹಿಡಿಯುವ ರೋಗ. ಮೊದಲನೆಯದು ಎಡಬಲದ ಜೋಡಿ ಹಲ್ಲುಗಳ ಮೇಲೆ ಸಮವಾಗಿ ಕಾಣುವ ಬಣ್ಣ, ಎರಡನೆಯದು ಒಂದೆಡೆ ಆರಂಭವಾಗಿ ಗುಳಿಯಾಗುವ ಮೆತುವು. ಮುಂದಿನ ಹಾಲುಹಲ್ಲುಗಳ ಎನಾಮೆಲ್‌ನ ಹೆಚ್ಚಿನ ಭಾಗ ತಾಯಿಯ ಗರ್ಭದಲ್ಲೇ ರೂಪುಗೊಳ್ಳುವುದರಿಂದ ಅವುಗಳಲ್ಲಿ ಫ್ಲೋರೋಸಿಸ್ ಸಾಮಾನ್ಯವಾಗಿ ಕಡಿಮೆ. ಹಾಗಿರುವಾಗ ಮೂರು ವರ್ಷದ ಮಗುವಿನ ಮುಂದಿನ ಹಲ್ಲು ಕಂದಾಗಿ ಸವೆದಿದ್ದರೆ ಅದನ್ನು ನೀರಿನ ಖಾತೆಗೆ ಬರೆಯುವ ಮೊದಲು, ರಾತ್ರಿ ಬಾಯಲ್ಲಿಟ್ಟು ಮಲಗಿಸಿದ ಸಿಹಿಹಾಲಿನ ಬಾಟಲಿಯ ಕಡೆ ನೋಡಬೇಕು.

ಫ್ಲೋರೈಡಿನ ಕಥೆಯಲ್ಲಿ ಒಂದು ವಿಪರ್ಯಾಸವಿದೆ, ಮತ್ತು ಅದನ್ನು ಅರಿಯದೆ ಈ ಜಿಲ್ಲೆಯಲ್ಲಿ ಹಲ್ಲಿನ ಬಗ್ಗೆ ಮಾತಾಡುವುದು ಅಪಾಯಕರ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆನ್ನುಹತ್ತಿದ ಕಂದುಕಲೆಯೇ, ಟ್ರೆಂಡ್ಲಿ ಡೀನ್‌ನ ಅಧ್ಯಯನಗಳ ಮೂಲಕ, ಲೀಟರ್ ನೀರಿನಲ್ಲಿ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹುಳುಕು ಗಣನೀಯವಾಗಿ ತಗ್ಗುತ್ತದೆಂಬ ಅರಿವಿಗೆ ದಾರಿಮಾಡಿತು. 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡನ್ನು ಬೇಕೆಂದೇ ಬೆರೆಸಿತು. ಅತಿಯಾದರೆ ಎನಾಮೆಲ್ ಕಟ್ಟುವ ಕೆಲಸವನ್ನು ಕೆಡಿಸುವ ವಸ್ತುವೇ ಮಿತವಾಗಿ ಹೊರಗಿನಿಂದ ತಾಗಿದಾಗ ಎನಾಮೆಲ್ಲನ್ನು ಗಟ್ಟಿಗೊಳಿಸುತ್ತದೆ. ಫ್ಲೋರೋಸಿಸ್ ಇರುವ ಬಾಯಲ್ಲಿ ಹುಳುಕು ಹತ್ತದು ಎಂಬ ನಂಬಿಕೆಯೂ ಇದರಿಂದಲೇ ಹುಟ್ಟಿದ ಅರೆಸತ್ಯ. ದೋಷ ತೀವ್ರವಾದಲ್ಲಿ ಎನಾಮೆಲ್ ರಂಧ್ರಮಯವಾಗಿ, ಒಡೆದು, ಆ ಗುಳಿಗಳಲ್ಲಿ ಆಹಾರ ನಿಲ್ಲುತ್ತದೆ. ಈಗ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ, ಇಪ್ಪತ್ತು ಲೀಟರ್ ಕ್ಯಾನುಗಳು ದ್ವಿಚಕ್ರ ವಾಹನಗಳ ಮೇಲೆ ಓಡಾಡುತ್ತಿವೆ. ಈ ಘಟಕಗಳ ಆರ್‌ಓ ಪೊರೆ ಫ್ಲೋರೈಡನ್ನು ಬಹುಪಾಲು ಸೋಸಿಬಿಡುತ್ತದೆ. ಅದು ಸರಿಯಾದ ಕೆಲಸ. ಆದರೆ ಅಂಥ ನೀರು ಕುಡಿಯುವ ಮಗುವಿನ ಹಲ್ಲಿಗೆ ಫ್ಲೋರೈಡಿನ ರಕ್ಷಣೆ ದೊರೆಯಬೇಕಾದರೆ ಅದು ಪೇಸ್ಟಿನಿಂದಲೇ ದೊರೆಯಬೇಕು, ಮತ್ತು ನೀರಿನ ಭಯದಿಂದ ಆ ಪೇಸ್ಟನ್ನೂ ಮನೆಯಿಂದ ಹೊರಹಾಕಿದರೆ ಮಗುವಿನ ಹಲ್ಲು ಎರಡೂ ಕಡೆಯಿಂದ ಬರಿದಾಗುತ್ತದೆ. ಲೆಕ್ಕ ಸರಳವಾಗಿದೆ: ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ; ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿರುವುದು 0.1 ಮಿಲಿಗ್ರಾಂ, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟರಲ್ಲಿರುವುದು 0.25 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೊಂದು ಲೀಟರ್ ಕುಡಿದರೆ ಒಳಹೋಗುವುದು 2 ಮಿಲಿಗ್ರಾಂ. ದಿನಕ್ಕೆರಡು ಸಲ ಹಲ್ಲುಜ್ಜಿ, ಬಟಾಣಿ ಗಾತ್ರದ ಪೇಸ್ಟನ್ನು ಪೂರ್ತಿ ನುಂಗಿದರೂ ಅದು ಇದರ ಕಾಲುಭಾಗ. ಉಗುಳಿದರೆ ಇನ್ನೂ ಕಡಿಮೆ. ನೀರನ್ನು ಸೋಸುವುದು, ಪೇಸ್ಟನ್ನು ಅಳೆಯುವುದು ಇವೆರಡೂ ಒಟ್ಟಿಗೆ ನಡೆಯಬೇಕಾದ ಕೆಲಸಗಳು. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಿಂಡಿ ತೋರಿಸುವ ಪೇಸ್ಟು ಮಾತ್ರ ಮಾರಾಟದ ಅಳತೆ, ಮಗುವಿನ ಅಳತೆಯಲ್ಲ.

ಹಳ್ಳಿಯ ತಂದೆತಾಯಿಯರ ಅಜ್ಞಾನವೇ ಎಲ್ಲಕ್ಕೂ ಮೂಲವೆಂದು ಹೇಳುವ ನಗರದ ವಿದ್ಯಾವಂತರ ಮಾತನ್ನು ಇಲ್ಲಿ ಪರೀಕ್ಷಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವು ಗುರುತಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಗುರುತಿಸಿದ ಮೇಲೆ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಂತವೈದ್ಯರ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ, ದಂತ ಕುರ್ಚಿ ಹೆಚ್ಚಾಗಿ ಸಿಗುವುದು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ. ಶ್ರೀರಾಂಪುರ ಹೋಬಳಿಯ ಒಳಹಳ್ಳಿಯಿಂದ ಹೊಸದುರ್ಗಕ್ಕೆ ಮಗುವನ್ನು ಕರೆದೊಯ್ಯುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ತುಂಬಿಸುವುದಕ್ಕೆ ಎರಡು ಮೂರು ಸಲ ಬರಬೇಕು, ಕೀಳಿಸಲು ಒಂದೇ ಸಲ ಸಾಕು. ಈ ಲೆಕ್ಕದ ಮುಂದೆ ಬೀಳುವ ಹಲ್ಲು ತಾನೇ ಎಂಬ ಮಾತು ಮೂಢನಂಬಿಕೆಯಾಗಿ ಉಳಿಯದೆ, ಬೇರೆ ದಾರಿಯಿಲ್ಲದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವಾಗುತ್ತದೆ. ದಂತವೈದ್ಯರ ಕೊರತೆಯಿಂದ ಹೀಗಾಗಿದೆ ಎನ್ನುವಂತೆಯೂ ಇಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979ರಲ್ಲಿ ಆರಂಭವಾದವು. ಚಿತ್ರದುರ್ಗ ನಗರದಲ್ಲೇ ಎಸ್‌ಜೆಎಂ ದಂತ ಕಾಲೇಜು ಇದೆ. ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಹಲ್ಲಿನ ವಿದ್ಯೆ ಹೇರಳವಾಗಿರುವ ನಾಡಿನಲ್ಲಿ ಅದು ಹೋಬಳಿಯವರೆಗೆ ಇಳಿದು ಬರಲು ಮಾತ್ರ ಏಣಿಯಿಲ್ಲ. ಇದೇ ರಾಜ್ಯ ದಂತಭಾಗ್ಯ ಎಂಬ ಯೋಜನೆಯಡಿ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಕೊಡುತ್ತದೆ. ಯೋಜನೆ ಒಳ್ಳೆಯದೇ, ಆದರೆ ಹಲ್ಲಿದ್ದಾಗ ಕಡಲೆಯಿಲ್ಲ ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಆಡಳಿತ ಇಷ್ಟು ಅಕ್ಷರಶಃ ಪಾಲಿಸಬೇಕಾಗಿರಲಿಲ್ಲ.

ಅಗ್ಗದ ಮತ್ತು ಪರೀಕ್ಷಿತ ದಾರಿಗಳು ಇಲ್ಲದೆ ಇಲ್ಲ. ಸ್ಕಾಟ್‌ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಡಿ ಶಿಶುವಿಹಾರಗಳಲ್ಲಿ ಮಕ್ಕಳು ದಿನವೂ ಶಿಕ್ಷಕರ ಕಣ್ಣೆದುರು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುತ್ತಾರೆ. ಅಲ್ಲಿ ಒಂದನೆಯ ತರಗತಿಗೆ ಬರುವ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕು ಇಲ್ಲದವರ ಪ್ರಮಾಣ 2003ರಲ್ಲಿ ಶೇ. 45 ಇದ್ದದ್ದು 2020ರ ವೇಳೆಗೆ ಶೇ. 73ನ್ನು ದಾಟಿತು. ಬಿಸಿಯೂಟಕ್ಕೆ ಮೊದಲು ಕೈತೊಳೆಯುವ ಸಾಲು ಈಗಾಗಲೇ ಇರುವ ಶಾಲೆಗಳಲ್ಲಿ ಊಟದ ನಂತರ ಇನ್ನೊಂದು ಸಾಲು ನಿಲ್ಲಿಸುವುದು ಅಸಾಧ್ಯವಲ್ಲ. ತಲಾ ಬಟಾಣಿಯಷ್ಟು ಬಳಸಿದರೆ 100 ಗ್ರಾಂ ಟ್ಯೂಬು ಇಪ್ಪತ್ತು ಮಕ್ಕಳ ಅಂಗನವಾಡಿಗೆ ಇಪ್ಪತ್ತು ದಿನ ಬರುತ್ತದೆ. ಈಗಾಗಲೇ ಆದ ತೂತಿಗೆ, ವಿದ್ಯುತ್ತಾಗಲೀ ದಂತ ಕುರ್ಚಿಯಾಗಲೀ ಬೇಡದ ವಿಧಾನವೊಂದು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡಿತು: ಮೆತ್ತಗಾದ ಭಾಗವನ್ನು ಕೈಸಲಕರಣೆಯಿಂದ ಕೆರೆದು, ಗ್ಲಾಸ್ ಅಯೊನಮರ್ ಎಂಬ, ಹಲ್ಲಿಗೆ ತಾನೇ ಅಂಟುವ ಸಿಮೆಂಟಿನಿಂದ ಮುಚ್ಚುವುದು. ಇನ್ನೂ ಸರಳವಾದದ್ದು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಉಳಿದ ಭಾಗವನ್ನು ಗಟ್ಟಿಗೊಳಿಸುತ್ತದೆ, ಹಚ್ಚಲು ಒಂದೆರಡು ನಿಮಿಷ ಸಾಕು, ಸೂಜಿಯಿಲ್ಲ, ನೋವಿಲ್ಲ. ಜಪಾನ್ ಇದನ್ನು 1970ರಲ್ಲೇ ಅನುಮೋದಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟು, ಈ ಸಿಮೆಂಟು ಮತ್ತು ಈ ದ್ರವಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ದ್ರವದ ವಿರುದ್ಧ ಬರುವ ಆಕ್ಷೇಪ ಒಂದೇ, ಅದು ಹುಳುಕಾದ ಭಾಗವನ್ನು ಕಪ್ಪಾಗಿಸುತ್ತದೆ ಎಂಬುದು. ಹಲ್ಲಿನ ಕಲೆಯಿಂದಲೇ ನೊಂದ ಜಿಲ್ಲೆಯಲ್ಲಿ, ಮದುವೆಯ ಮಾತುಕತೆಯವರೆಗೂ ಆ ಕಲೆ ಹಿಂಬಾಲಿಸುವ ಊರುಗಳಲ್ಲಿ, ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಶಾಶ್ವತ ಬಾಚಿಹಲ್ಲಿಗೆ ಅದನ್ನು ಯಾರೂ ಸುಲಭವಾಗಿ ಹಚ್ಚಿಸಿಕೊಳ್ಳಲಾರರು. ಆದರೆ ಹಾಲುದವಡೆಯ ವಿಷಯದಲ್ಲಿ, ಇಷ್ಟು ಹೊತ್ತು ತಪ್ಪು ಜಾಗದಲ್ಲಿ ನಿಂತಿದ್ದ ಆ ಹಳೆಯ ಮಾತಿಗೆ ಕೊನೆಗೂ ಸರಿಯಾದ ಜಾಗ ಸಿಗುತ್ತದೆ: ಕಪ್ಪಾದರೆ ಆಗಲಿ, ಅದು ಬೀಳುವ ಹಲ್ಲು ತಾನೇ. ನೋವಿಲ್ಲದೆ, ಕೀವಿಲ್ಲದೆ, ಕೆಳಗಿನ ಮೊಳಕೆಗೆ ತೊಂದರೆ ಕೊಡದೆ, ಪಕ್ಕದ ಹಲ್ಲುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿಕೊಂಡು ಅದು ಮಗುವಿನ ಹತ್ತು ಹನ್ನೊಂದನೆಯ ವಯಸ್ಸಿನವರೆಗೆ ಅರೆಯುವ ತನ್ನ ಕೆಲಸ ಮುಗಿಸುತ್ತದೆ. ಆಮೇಲೆ ಬಿಳಿಯ ಹಲ್ಲಿನಂತೆಯೇ ಈ ಕರಿಯ ಹಲ್ಲೂ ಸೆಗಣಿಯ ಉಂಡೆಯೊಳಗೆ ಹೆಂಚಿನ ಮೇಲೆ ಹೋಗಿ ಬೀಳುತ್ತದೆ.